ಹತ್ತೊಂಬತ್ತು ಗ್ರಾಂ

ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗಿ ನೋಡುವವರು ಊರಿಗೆ ಒಬ್ಬಿಬ್ಬರು ಇರಬಹುದು. ತೂಗಿದ ಮೇಲೆ ತೂಕ ಸರಿಯಾಗಿದ್ದರೆ, "ಇವತ್ತು ಯಾಕೆ ಸರಿಯಾಗಿ ಕೊಟ್ಟ?" ಎಂದು ಇನ್ನೂ ಹೆಚ್ಚು ಅನುಮಾನಪಡುವವರು ನಮ್ಮ ಇನ್ಸ್‌ಪೆಕ್ಟರು ಒಬ್ಬರೇ.

ಪೊಲೀಸ್ ಇನ್ಸ್‌ಪೆಕ್ಟರಲ್ಲ, ತೂಕ ಮತ್ತು ಅಳತೆ ಇಲಾಖೆಯವರು. ಮೂವತ್ತಮೂರು ವರ್ಷ ಅಂಗಡಿ ಅಂಗಡಿ ಹತ್ತಿ ಇಳಿದವರು. ತಕ್ಕಡಿಯ ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಒಳಗೆ ಕೊರೆದು ಹಗುರ ಮಾಡಿದ ತೂಕದ ಬಟ್ಟು, ತಳ ಉಬ್ಬಿಸಿದ ಎಣ್ಣೆಯ ಅಳತೆ ಡಬ್ಬಿ, ಹೀಗೆ ಮನುಷ್ಯನ ಕೈಚಳಕಗಳನ್ನೆಲ್ಲ ಕಣ್ಣಾರೆ ಕಂಡವರು. ಒಮ್ಮೆ ಸಾಬೂನು ಮಾಡಿ ಮಾರುವ ಹೆಂಗಸೊಬ್ಬಳ ಅಂಗಡಿಗೆ ಹೋಗಿ, ನೂರು ಗ್ರಾಂ ಎಂದು ಅಚ್ಚೊತ್ತಿದ ಸಾಬೂನು ತೊಂಬತ್ತಮೂರೇ ತೂಗಿದ್ದನ್ನು ಹಿಡಿದರು. "ಮಾಡಿದಾಗ ನೂರಿತ್ತು ಸಾರ್, ಒಣಗಿ ಇಳಿದಿದೆ" ಎಂದಳು ಆಕೆ. "ಸಾಬೂನು ಒಣಗಿರಬಹುದಮ್ಮ, ಸುಳ್ಳು ಮಾತ್ರ ಇನ್ನೂ ಹಸಿಯಾಗಿದೆ" ಎಂದರು ಇವರು. ಈ ಮಾತು ಇಲಾಖೆಯಲ್ಲೆಲ್ಲ ಓಡಾಡಿತು. ನಿವೃತ್ತಿಯ ಸಮಾರಂಭದಲ್ಲಿ ಮೂವರು ಭಾಷಣಕಾರರು ಅದನ್ನೇ ಹೇಳಿದರು, ಮೂರು ಸಲವೂ ಜನ ನಕ್ಕರು, ಮೂರು ಸಲವೂ ಇನ್ಸ್‌ಪೆಕ್ಟರು ನಾಚಿದಂತೆ ತಲೆ ತಗ್ಗಿಸಿದರು. ಕೊನೆಯಲ್ಲಿ ಉಡುಗೊರೆಯಾಗಿ ಒಂದು ತಕ್ಕಡಿ ಕೊಟ್ಟರು, ಆಭರಣದಂಗಡಿಯಲ್ಲಿ ಇರುತ್ತದಲ್ಲ ಅಂಥದ್ದು, ಗ್ರಾಮಿನ ಲೆಕ್ಕ ತೋರಿಸುವಂಥದ್ದು. ಮರುದಿನವೇ ಇವರು ಅದನ್ನು ಪರೀಕ್ಷೆಗೆ ಕಳಿಸಿದರು. ಬೀದಿಯವರು ಅವರನ್ನು ಬೆನ್ನ ಹಿಂದೆ 'ತಕ್ಕಡಿ' ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಯಾರು ಯಾರು ಎನ್ನುತ್ತಾರೆ ಎಂಬುದೂ ಗೊತ್ತಿತ್ತು.

ಇಂಥ ಮನುಷ್ಯನ ಹವ್ಯಾಸ ಏನೆಂದು ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಹಿಂದಿನ ಕಾಲದಲ್ಲಿ ಎಳೆಯರಿಗೆಂದು ಅಚ್ಚಾಗುತ್ತಿದ್ದ ನೀತಿಪದ್ಯಗಳ ಸಂಕಲನಗಳನ್ನು ಅವರು ಕೂಡಿಡುತ್ತಿದ್ದರು. ಸುಳ್ಳು ಹೇಳಬೇಡ, ನೆರೆಯವರ ಹಣ್ಣಿನ ಮರಕ್ಕೆ ಕಲ್ಲು ಬೀರಬೇಡ, ಊಟಕ್ಕೆ ಕೂತಾಗ ಕಾಲು ಆಡಿಸಬೇಡ, ನಾಯಿಯ ಬಾಲಕ್ಕೆ ಡಬ್ಬಿ ಕಟ್ಟಬೇಡ, ಇತ್ಯಾದಿ. ಬೆನ್ನು ಹರಿದವು, ಮೂಲೆ ಮಡಿಸಿದವು, ಮೊದಲ ಹಾಳೆಯಲ್ಲಿ ಯಾವುದೋ ಮಗು ತನ್ನ ಹೆಸರನ್ನು ಏಳು ಸಲ ಬರೆದಂಥವು. ಒಟ್ಟು ನೂರ ನಲವತ್ತೆರಡು ಪುಸ್ತಕ, ನಡುಮನೆಯ ಮರದ ಬೀರುವಿನಲ್ಲಿ, ಎರಡು ಬೀಗದ ಹಿಂದೆ. ಒಂದು ಬೀಗದ ಕೈ ಅವರ ಸೊಂಟದಲ್ಲಿ. ಇನ್ನೊಂದು ಎಲ್ಲಿದೆಯೆಂದು ಹೆಂಡತಿಗೂ ಗೊತ್ತಿರಲಿಲ್ಲ, ಅಂದರೆ ಗೊತ್ತಿಲ್ಲವೆಂದು ಅವರು ತಿಳಿದಿದ್ದರು. ಹಳೆಯ ಪುಸ್ತಕದ ವ್ಯಾಪಾರಿಗಳು ಹೊಸ ಹಾಳೆಯನ್ನು ಟೀ ನೀರಿನಲ್ಲಿ ಅದ್ದಿ ಹಳತು ಮಾಡುತ್ತಾರೆ ಎಂಬ ಗುಮಾನಿಯಿಂದ, ಕೊಳ್ಳುವ ಮೊದಲು ಪ್ರತಿ ಪುಸ್ತಕವನ್ನೂ ಮೂಸಿ ನೋಡುತ್ತಿದ್ದರು. ಟೀ ಕುಡಿಯುತ್ತಾ ಕೂತ ವ್ಯಾಪಾರಿಯಿಂದ ಏನನ್ನೂ ಕೊಳ್ಳುತ್ತಿರಲಿಲ್ಲ.

ಈ ಹವ್ಯಾಸದ ಬೇರು ಅವರ ಒಂಬತ್ತನೇ ವರ್ಷದಲ್ಲಿತ್ತು. ಶಾಲೆಯಲ್ಲಿ ಒಳ್ಳೆಯ ನಡತೆಗೆಂದು ಅವರಿಗೊಂದು ಪುಸ್ತಕ ಬಹುಮಾನ ಬಂದಿತ್ತು. ಹಸಿರು ಬಟ್ಟೆಯ ರಟ್ಟು, ಮೇಲೆ ಒಂದು ದೀಪ, ಒಳಗೆ ನೀತಿಪದ್ಯಗಳು. ಅದರಲ್ಲೊಂದು ಪದ್ಯ ಅವರಿಗೆ ಬಾಯಿಪಾಠ:

ಬಿಸಿಲೇರಿದರೂ ಹಾಸಿಗೆ ಬಿಡದ
ಹುಡುಗನ ಕಥೆ ನೀ ಬಲ್ಲೆಯಾ?
ಕಿವಿಯೊಳಗಿರುವೆಯು ಗೂಡನು ಕಟ್ಟಿತು,
ಇನ್ನೂ ಏಳಲು ಒಲ್ಲೆಯಾ?

ಅದರ ಎದುರಿಗಿದ್ದ ಚಿತ್ರವೂ ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು: ಮಲಗಿದ ಹುಡುಗ, ಕಿವಿಗೆ ಸಾಲುಗಟ್ಟಿ ಹೋಗುವ ಇರುವೆಗಳು. ಪುಸ್ತಕ ಮನೆಗೆ ಬಂದು ಒಂದು ತಿಂಗಳಾಗಿರಲಿಲ್ಲ, ಅಪ್ಪ ಹಳೆಯ ಪತ್ರಿಕೆಗಳ ಜೊತೆ ಅದನ್ನೂ ರದ್ದಿಯವನಿಗೆ ಹಾಕಿಬಿಟ್ಟರು. ಹುಡುಗ ಅಂಗಳದಲ್ಲಿ ನಿಂತು ನೋಡಿದ. ರದ್ದಿಯವನು ತಕ್ಕಡಿ ಎತ್ತುವಾಗ ಬಟ್ಟಿನ ಕಡೆಯ ತಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿದ್ದ. ಒಳ್ಳೆಯ ನಡತೆಯ ಪುಸ್ತಕ, ಅದೂ ಕಳ್ಳ ತೂಕದಲ್ಲಿ! "ಅಪ್ಪಾ, ಅವನು ಬೆರಳು ಒತ್ತಿದ" ಎಂದಾಗ ಅಪ್ಪ, "ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಬೇಡ" ಎಂದರು. ಮುಂದೆ ಆ ಹುಡುಗ ಯಾವ ಇಲಾಖೆಗೆ ಅರ್ಜಿ ಹಾಕಿದನೆಂದು ಆಶ್ಚರ್ಯಪಡಬೇಕಾಗಿಲ್ಲ. ನೂರ ನಲವತ್ತೆರಡು ಪುಸ್ತಕ ಕೂಡಿಟ್ಟದ್ದೂ ಆ ಹಸಿರು ಪುಸ್ತಕ ಹುಡುಕುವ ದಾರಿಯಲ್ಲೇ.

ಪುಸ್ತಕ ಮನೆಗೆ ಬಂದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸ ತೂಗುವುದು. ತೂಕವನ್ನು ಹಿಂದಿನ ರಟ್ಟಿನ ಒಳಮೈಯಲ್ಲಿ ಪೆನ್ಸಿಲ್‌ನಿಂದ ತಾರೀಖಿನ ಸಮೇತ ಬರೆಯುತ್ತಿದ್ದರು. ಪುಸ್ತಕವನ್ನು ಬೈಂಡಿಂಗಿಗೆ ಕೊಡುವ ಮುಂಚೆ ಅದನ್ನು ನೋಡಿಕೊಂಡು, ಬಂದ ಮೇಲೆ ಮತ್ತೆ ತೂಗುತ್ತಿದ್ದರು. ಹಾಳೆ ಎಣಿಸಿದರೆ ಸಾಲದೇ ಎಂದರೆ, ಸಾಲದು. ಹಳೆಯ ಸಂಕಲನಗಳಲ್ಲಿ ಚಿತ್ರದ ಹಾಳೆಗಳನ್ನು ಬೇರೆ ಅಚ್ಚು ಹಾಕಿ ನಡುವೆ ಅಂಟಿಸಿರುತ್ತಾರೆ. ಅವಕ್ಕೆ ಪುಟಸಂಖ್ಯೆ ಇರುವುದಿಲ್ಲ. ಒಂದನ್ನು ಯಾರಾದರೂ ನಾಜೂಕಾಗಿ ಎತ್ತಿದರೆ ಎಣಿಕೆಯಲ್ಲಿ ಸಿಗುವುದಿಲ್ಲ, ತೂಕದಲ್ಲಿ ಸಿಗುತ್ತದೆ.

ಬೈಂಡರು ಇದಕ್ಕೆ ತಕ್ಕ ಮನುಷ್ಯ. ಹಿಂಬದಿಯ ಬೀದಿಯಲ್ಲಿ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಒಂದು ಕಡೆ ಕಬ್ಬಿಣದ ಒತ್ತುಯಂತ್ರ, ಇನ್ನೊಂದು ಕಡೆ ಹೊಲಿಗೆಯ ಚೌಕಟ್ಟು, ಅಲ್ಲಿ ಕೂತು ಹಾಳೆಕಟ್ಟುಗಳನ್ನು ಹೊಲಿಯುವ ಮಗಳು. ಇಪ್ಪತ್ತಾರು ವರ್ಷದ ಪರಿಚಯ. ಮೊದಲ ಪುಸ್ತಕ ವಾಪಸು ಪಡೆದಾಗ ಇನ್ಸ್‌ಪೆಕ್ಟರು ಅಲ್ಲೇ ಚೀಲದಿಂದ ತಕ್ಕಡಿ ತೆಗೆದದ್ದನ್ನು ಕಂಡು ಬೈಂಡರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎರಡನೇ ಸಲ ಪುಸ್ತಕದ ಜೊತೆ ಒಂದು ಕಾಗದದ ಪೊಟ್ಟಣವನ್ನೂ ಕೊಟ್ಟರು.

"ಏನಿದು ಬೈಂಡ್ರೇ?"

"ನಿಮ್ಮ ಪುಸ್ತಕದಿಂದ ನಾನು ತೆಗೆದಿದ್ದು ಇನ್ಸ್‌ಪೆಕ್ಟ್ರೇ. ಹಳೇ ದಾರ, ಹಳೇ ರಟ್ಟಿನ ಚೂರು, ಕೆರೆದ ಅಂಟು. ಹೊಸದಾಗಿ ಹಾಕಿದ್ದರ ತೂಕ ಚೀಟೀಲಿ ಬರೆದಿದ್ದೀನಿ. ಕೂಡಿ, ಕಳೀರಿ, ಖುಷಿಯಾಗಿರಿ."

ಇನ್ಸ್‌ಪೆಕ್ಟರು ನಿಜಕ್ಕೂ ಖುಷಿಯಾಗಿಬಿಟ್ಟರು. ಅಂದಿನಿಂದ ಅದೇ ಪದ್ಧತಿ. ಪುಸ್ತಕ, ಪೊಟ್ಟಣ, ಚೀಟಿ. ವಾರದೊಳಗೆ ಕೆಲಸ ಮುಗಿಯುತ್ತಿತ್ತು, ಲೆಕ್ಕ ಒಂದೆರಡು ಗ್ರಾಮಿನೊಳಗೆ ಸರಿಹೋಗುತ್ತಿತ್ತು. ಜೊತೆಗೆ ಎರಡು ಲೋಟ ಟೀ, ಊರಿನ ಸುದ್ದಿ. ಬೈಂಡರ ಮಗಳು ಚಿಕ್ಕಂದಿನಿಂದ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಇನ್ಸ್‌ಪೆಕ್ಟರು ಪ್ರಪಂಚದಲ್ಲಿ ಅನುಮಾನಪಡದೆ ಟೀ ಕುಡಿಯುತ್ತಿದ್ದುದು ಆ ಒಂದು ಕೋಣೆಯಲ್ಲಿ. ಬೇರೆ ಗೆಳೆಯರು ಅವರಿಗಿರಲಿಲ್ಲ. ಇದ್ದವರನ್ನೆಲ್ಲ ಒಂದಲ್ಲ ಒಂದು ದಿನ ತೂಗಿ ನೋಡಿದ್ದರು.

ಕಳೆದ ಮಳೆಗಾಲದಲ್ಲಿ, ಖಾಲಿ ಮಾಡುತ್ತಿದ್ದ ಯಾರದೋ ಹಳೆಯ ಮನೆಯ ನೆಲಮಾಳಿಗೆಯ ಸಾಮಾನಿನ ರಾಶಿಯಲ್ಲಿ ಹಸಿರು ಪುಸ್ತಕ ಸಿಕ್ಕಿತು. ಅದೇ ದೀಪ, ಅದೇ ಬಟ್ಟೆ. ಅವರ ಪ್ರತಿಯಲ್ಲ, ಬೇರೆ ಯಾವುದೋ ಮಗುವಿನದು, ಆದರೆ ಅದೇ ಪುಸ್ತಕ. ಮನೆಗೆ ಬಂದವರು ಚಪ್ಪಲಿ ಬಿಡದೆ ನೇರವಾಗಿ ತಕ್ಕಡಿಯ ಮುಂದೆ ಹೋದರು. ನಾನೂರ ಎಂಬತ್ತಾರು ಗ್ರಾಂ. ಹೊಲಿಗೆ ಬಿಚ್ಚಿ ಹಾಳೆಗಳು ಸಡಿಲವಾಗಿದ್ದವು, ತಿರುವಿದರೆ ಉದುರುವಂತಿದ್ದವು. ಹಾಗಾಗಿ ಓದಲು ಹೋಗದೆ, ಬಟ್ಟೆಯಲ್ಲಿ ಸುತ್ತಿ ಸುರಿಯುವ ಮಳೆಯಲ್ಲೇ ಬೈಂಡರಿಗೆ ತಲುಪಿಸಿದರು.

ಆ ಸಲ ಕೆಲಸ ವಾರದಲ್ಲಿ ಆಗಲಿಲ್ಲ. ಬೈಂಡರಿಗೆ ಕಣ್ಣಿನ ಪೊರೆ ಬಲಿತಿತ್ತು. ಮೊದಲು ಆಪರೇಷನ್, ಆಮೇಲೆ ಇನ್ನೊಂದು ಕಣ್ಣು, ಆಮೇಲೆ ವಿಶ್ರಾಂತಿ. "ಈ ಪುಸ್ತಕ ಮಗಳ ಕೈಗೆ ಕೊಡಲ್ಲ ಇನ್ಸ್‌ಪೆಕ್ಟ್ರೇ, ನಾನೇ ಮಾಡ್ತೀನಿ. ಸ್ವಲ್ಪ ತಡೀರಿ" ಎಂದರು. ಇನ್ಸ್‌ಪೆಕ್ಟರು ತಡೆದರು. ಮಳೆ ನಿಂತಿತು, ಚಳಿ ಬಂದು ಹೋಯಿತು, ಬಿಸಿಲು ಕಾಯತೊಡಗಿತು. ಐವತ್ತೆಂಟು ವರ್ಷ ಕಾದವರಿಗೆ ಈ ಕೆಲವು ತಿಂಗಳು ಮಾತ್ರ ಮುಳ್ಳಿನ ಮೇಲೆ ಕೂತಂತಾಯಿತು. ಪೊರೆ ಈಗಲೇ ಯಾಕೆ ಬಲಿಯಬೇಕಿತ್ತು ಎಂಬ ಯೋಚನೆ ಒಂದೆರಡು ಸಲ ಸುಳಿದು ಹೋಯಿತು. ಅವರು ಅದನ್ನು ಬೈದು ಅಟ್ಟಿದರು.

ಕಡುಬೇಸಗೆಯ ಒಂದು ಮಧ್ಯಾಹ್ನ ಪುಸ್ತಕ ಕೈಗೆ ಬಂತು. ಬೈಂಡರು ಕಪ್ಪು ಕನ್ನಡಕ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಂಥ ಕೆಲಸವನ್ನು ಅವರು ಹಿಂದೆ ಮಾಡಿರಲಿಲ್ಲ. ಹಳೆಯ ಹಸಿರು ಬಟ್ಟೆಯನ್ನೇ ಬಿಡಿಸಿ ಹೊಸ ರಟ್ಟಿನ ಮೇಲೆ ಕೂರಿಸಿದ್ದರು, ದೀಪದ ಒಂದು ಗೆರೆಯೂ ಅಳಿಸಿರಲಿಲ್ಲ. ಇನ್ಸ್‌ಪೆಕ್ಟರು ದೀಪದ ಮೇಲೆ ಒಮ್ಮೆ ಬೆರಳಾಡಿಸಿದರು. ಮನೆಗೆ ಬಂದು ಪೊಟ್ಟಣ ತೂಗಿದರು: ಎಂಬತ್ತೆಂಟು. ಚೀಟಿಯಲ್ಲಿ ಹೊಸದರ ತೂಕ: ತೊಂಬತ್ತನಾಲ್ಕು. ಎಂಬತ್ತೆಂಟು ಕಳೆದು ತೊಂಬತ್ತನಾಲ್ಕು ಕೂಡಿದರೆ ಪುಸ್ತಕ ನಾನೂರ ತೊಂಬತ್ತೆರಡು ತೂಗಬೇಕು.

ತಕ್ಕಡಿ ನಾನೂರ ಎಪ್ಪತ್ತಮೂರು ತೋರಿಸಿತು.

ಮತ್ತೆ ಇಟ್ಟರು, ನಾನೂರ ಎಪ್ಪತ್ತಮೂರು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಉಸಿರು ಹಿಡಿದು ಇಟ್ಟರು, ಆಗಲೂ ಅಷ್ಟೇ. ಹತ್ತೊಂಬತ್ತು ಗ್ರಾಂ ಕಡಿಮೆ. ಒಂದೆರಡು ಗ್ರಾಮಾದರೆ ಕೈತಪ್ಪು ಎನ್ನಬಹುದು. ಹತ್ತೊಂಬತ್ತು ಅಂದರೆ ದಪ್ಪ ಕಾಗದದ ಚಿತ್ರದ ಹಾಳೆಗಳು ನಾಲ್ಕು. ಪುಟಗಳನ್ನು ತಿರುವಿದರು. ಇರುವೆಯ ಪದ್ಯ ನಲವತ್ತೇಳನೇ ಪುಟದಲ್ಲಿತ್ತು. ಎದುರಿಗೆ ಚಿತ್ರ ಇರಲಿಲ್ಲ. ಚಿತ್ರಗಳ ಪಟ್ಟಿಯಿರಬೇಕಾದ ಮೊದಲ ಹಾಳೆ ಪುಸ್ತಕ ಸಿಕ್ಕಾಗಲೇ ಹರಿದುಹೋಗಿತ್ತು. ಅದು ಬೈಂಡರಿಗೂ ಗೊತ್ತಿತ್ತು ಎಂದು ಈಗ ನೆನಪಾಯಿತು.

"ರೀ, ಮುಖ ಯಾಕೆ ಹಾಗಾಗಿದೆ?" ಎಂದರು ಹೆಂಡತಿ.

"ಪುಸ್ತಕದಿಂದ ಚಿತ್ರ ತೆಗೆದಿದಾನೆ."

"ಯಾರು?"

"ಇನ್ಯಾರು, ಬೈಂಡರು."

ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು. "ನಿಮಗೆ ತಲೆ ಕೆಟ್ಟಿದೆಯಾ? ಕಣ್ಣಿಲ್ಲದ ಮನುಷ್ಯ ಚಿತ್ರ ಕದ್ದು ಏನು ಮಾಡ್ತಾರೆ?"

"ಕಣ್ಣಿಲ್ಲ ಅಂತ ಹೇಳಿದ್ದು ಯಾರು? ಅವನೇ. ನಾನು ಆಸ್ಪತ್ರೆಗೆ ಹೋಗಿ ನೋಡಿದ್ನಾ?"

ಇಪ್ಪತ್ತಾರು ವರ್ಷ 'ಅವರು' ಆಗಿದ್ದ ಬೈಂಡರು ಒಂದು ಗಳಿಗೆಯಲ್ಲಿ 'ಅವನು' ಆದದ್ದನ್ನು ಹೆಂಡತಿ ಗಮನಿಸಿದರು. ಇನ್ಸ್‌ಪೆಕ್ಟರು ಗಮನಿಸಲಿಲ್ಲ. ಅವರ ತಲೆಯಲ್ಲಿ ಆಗಲೇ ಕೇಸು ತಯಾರಾಗುತ್ತಿತ್ತು. ಪೊಟ್ಟಣ ಕೊಡುವ ಪದ್ಧತಿಯನ್ನು ಶುರು ಮಾಡಿದ್ದು ಯಾರು? ಅವನು. ಕೇಳದೆಯೇ ಲೆಕ್ಕ ಒಪ್ಪಿಸುವವನ ಲೆಕ್ಕವನ್ನು ಮೊದಲು ನೋಡಬೇಕು ಎಂದು ಹೊಸ ಇನ್ಸ್‌ಪೆಕ್ಟರುಗಳಿಗೆ ತಾವೇ ಪಾಠ ಹೇಳಿದ್ದುಂಟು. ಪುಸ್ತಕ ಮಗಳ ಕೈಗೆ ಕೊಡಲ್ಲ ಎಂದದ್ದು ಯಾಕೆ? ಇಷ್ಟು ತಿಂಗಳು ಇಟ್ಟುಕೊಂಡದ್ದು ಯಾಕೆ? ಹಿಂದಿನ ನೂರ ನಲವತ್ತೆರಡರಲ್ಲಿ ಏನೇನು ಹೋಗಿದೆಯೋ! ಪ್ರಾಮಾಣಿಕನಂತೆ ಕಾಣುವವನ ಮೇಲೆಯೇ ಅವರಿಗೆ ಯಾವಾಗಲೂ ಹೆಚ್ಚು ಸಿಟ್ಟು ಬರುತ್ತಿತ್ತು, ಏಕೆಂದರೆ ಅವನಿಂದ ಕೆಲಸ ಹೆಚ್ಚಾಗುತ್ತಿತ್ತು.

ನೇರ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಮಾಲು ಮಾಯವಾಗುತ್ತದೆ, ಹಠಾತ್ತನೆ ಹೋಗಬೇಕು, ಅದೂ ಅಂಗಡಿಯವನು ಊಟಕ್ಕೆ ಹೋದಾಗ. ಮೂವತ್ತಮೂರು ವರ್ಷದ ಅಭ್ಯಾಸ ಕಾಲಿಗೆ ದಾರಿ ತೋರಿಸಿತು. ಮರುದಿನ ಒಂದೂವರೆಗೆ ಚೀಲದಲ್ಲಿ ತಕ್ಕಡಿಯಿಟ್ಟುಕೊಂಡು ಹೊರಟರು.

ಕೋಣೆಯಲ್ಲಿ ಮಗಳೊಬ್ಬಳೇ ಇದ್ದಳು. ತಗಡಿನ ಮಾಡು ಕಾದು ಒಳಗೆ ಒಲೆಯಂತಾಗಿತ್ತು. "ಬನ್ನಿ ದೊಡ್ಡಪ್ಪ, ಅಪ್ಪ ಊಟಕ್ಕೆ ಹೋಗಿದಾರೆ. ಕೂತ್ಕೊಳ್ಳಿ, ಟೀ ತರಿಸ್ಲಾ?" ಎಂದಳು.

"ಟೀ ಬೇಡ. ಆ ಡ್ರಾಯರು ತೆಗಿ."

ಅವಳಿಗೆ ಅರ್ಥವಾಗಲಿಲ್ಲ. ಇನ್ಸ್‌ಪೆಕ್ಟರು ತಾವೇ ತೆಗೆದರು. ಸೂಜಿ, ಮೇಣ, ಕತ್ತರಿ, ಕಾಗದ ಮಡಿಸುವ ಎಲುಬಿನ ಕಡ್ಡಿ. ಎರಡನೆಯದರಲ್ಲಿ ಬಟ್ಟೆಯ ತುಂಡು. ಮೂರನೆಯದರಲ್ಲಿ ಬಣ್ಣದ ಕಾಗದ, ಅದರಡಿಯಲ್ಲಿ ಆಸ್ಪತ್ರೆಯ ಚೀಟಿಗಳ ಕಟ್ಟು. ಚೀಟಿ ಬಿಡಿಸಿ ತಾರೀಖು ನೋಡಿದರು. ಆಪರೇಷನ್ ಆದದ್ದು ನಿಜ. ಅದರಿಂದ ಅವರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ರಟ್ಟಿನ ರಾಶಿ ಸರಿಸಿದರು, ಒತ್ತುಯಂತ್ರದ ಹಲಗೆ ಎತ್ತಿಸಿದರು, ಗೋಡೆಯ ಮೇಲಿನ ಕ್ಯಾಲೆಂಡರಿನ ಹಿಂದೆಯೂ ನೋಡಿದರು. ಹುಡುಗಿ ಸೂಜಿ ಹಿಡಿದುಕೊಂಡೇ ಗೋಡೆಗೆ ಆತು ನಿಂತಿದ್ದಳು. "ಏನು ಹುಡುಕ್ತಿದೀರಿ ದೊಡ್ಡಪ್ಪ?" ಎಂದು ಎರಡು ಸಲ ಕೇಳಿದಳು, ಮೂರನೇ ಸಲ ಕೇಳಲಿಲ್ಲ.

ಏನೂ ಸಿಗಲಿಲ್ಲ. ಸಿಕ್ಕಿಲ್ಲ ಅಂದರೆ ಆಗಲೇ ಮಾರಿದ್ದಾಗಿದೆ ಎಂದು ಇನ್ಸ್‌ಪೆಕ್ಟರು ತೀರ್ಮಾನಿಸಿದರು. ಅಷ್ಟರಲ್ಲಿ ಬೈಂಡರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಹತ್ತೊಂಬತ್ತು ಗ್ರಾಂ ಕಡಿಮೆ ಇದೆ" ಎಂದರು ಇನ್ಸ್‌ಪೆಕ್ಟರು. ಸ್ವರ ಸರ್ಕಾರದ್ದು. "ನಾಲ್ಕು ಚಿತ್ರ. ಎಲ್ಲಿ?"

ಬೈಂಡರು ಕಪ್ಪು ಕನ್ನಡಕ ತೆಗೆದರು. ಕಣ್ಣು ಇನ್ನೂ ಕೆಂಪಗಿತ್ತು. ತೆರೆದು ಬಿದ್ದಿದ್ದ ಡ್ರಾಯರುಗಳನ್ನು, ಮಗಳ ಮುಖವನ್ನು ನೋಡಿದರು.

"ನಾನು ತೆಗೆದಿಲ್ಲ ಇನ್ಸ್‌ಪೆಕ್ಟ್ರೇ."

"ಲೆಕ್ಕ ಬೇರೆ ಹೇಳುತ್ತೆ."

"ಹೇಳಬಹುದು. ನಾನು ತೆಗೆದಿಲ್ಲ." ಕನ್ನಡಕವನ್ನು ಮೇಜಿನ ಮೇಲಿಟ್ಟು ಕೇಳಿದರು, "ಇರುವೆ ಪದ್ಯ ಓದಿದ್ರಾ? ಇಪ್ಪತ್ತಾರು ವರ್ಷದಿಂದ ಹೇಳ್ತಿದ್ರಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಾನು ಮೊದಲು ಓದಿದ್ದು ಅದನ್ನೇ. ನಲವತ್ತೇಳನೇ ಪುಟ. ಅದಕ್ಕೇ ಆ ಪುಸ್ತಕ ಯಾರಿಗೂ ಕೊಡದೆ ಇಟ್ಕೊಂಡಿದ್ದು."

ಇನ್ಸ್‌ಪೆಕ್ಟರು ಪದ್ಯ ಓದಿರಲಿಲ್ಲ. ಅದರ ಎದುರಿನ ಖಾಲಿ ಜಾಗವನ್ನಷ್ಟೇ ನೋಡಿದ್ದರು. "ಮಾತು ತಿರುಗಿಸಬೇಡಿ" ಎಂದರು.

"ಆಯ್ತು. ನೀವಿನ್ನು ಹೊರಡಿ" ಎಂದರು ಬೈಂಡರು.

ಮನೆಗೆ ಬಂದ ಇನ್ಸ್‌ಪೆಕ್ಟರಿಗೆ ಅನುಮಾನದ ಪಿಶಾಚಿ ಸರಿಯಾಗಿಯೇ ಮೆಟ್ಟಿಕೊಂಡಿತು. ಈ ಒಂದರಲ್ಲಿ ಕದ್ದವನು ಉಳಿದವುಗಳಲ್ಲಿ ಬಿಟ್ಟಾನೆಯೇ? ಬೀರು ತೆರೆದು, ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದನ್ನೇ ತೂಗತೊಡಗಿದರು. ಎರಡು ದಿನ ಹಿಡಿಯಿತು. ಎಂಬತ್ತೊಂದು ಪುಸ್ತಕ ಒಂದೆರಡು ಗ್ರಾಮಿನೊಳಗೆ ಸರಿಯಿದ್ದವು. ಅರವತ್ತೊಂದು ಹಗುರವಾಗಿದ್ದವು. ಒಂದು ಐದು ಗ್ರಾಂ, ಒಂದು ಎಂಟು, ಒಂದು ಹನ್ನೊಂದು. ಅವುಗಳಲ್ಲಿ ಬೈಂಡರ ಕೈ ಸೋಕದವೂ ಇದ್ದವು, ಬೀರು ಸೇರಿದ ಮೇಲೆ ಹೊರಗೇ ಬಾರದವೂ ಇದ್ದವು. ಅಂದರೆ ಕಳ್ಳ ಮನೆಯೊಳಗೇ ಬಂದಿದ್ದಾನೆ!

ಕಳೆದ ಮೂರು ವರ್ಷದಲ್ಲಿ ಮನೆಗೆ ಬಂದವರ ಪಟ್ಟಿ ಮಾಡಿದರು. ನಲ್ಲಿ ರಿಪೇರಿಯವನು. ಕೆಳಗಿನ ಮನೆಯ ಅಜ್ಜಿ. ಒಮ್ಮೆ ಬಂದು ಒಂದು ವಾರ ಇದ್ದ ಭಾವಮೈದ, ಹೊರಡುವಾಗ ಅವನ ಚೀಲ ತುಂಬ ಭಾರವಾಗಿತ್ತು. ಕೊನೆಗೆ, ಪೆನ್ಸಿಲನ್ನು ಸ್ವಲ್ಪ ಹೊತ್ತು ತಡೆದು, ಹೆಂಡತಿ ಎಂದೂ ಬರೆದರು. ತಕ್ಕಡಿಯ ಮೇಲೂ ಗುಮಾನಿ ಬಂದು ಹಳೆಯ ಕಚೇರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ತಕ್ಕಡಿ ಅಪ್ಪಟ ಚಿನ್ನ.

ಮೂರನೇ ದಿನ ಹೆಂಡತಿ ಟೀ ತಂದಾಗ ಪಟ್ಟಿ ಮೇಜಿನ ಮೇಲೆ ತೆರೆದೇ ಬಿದ್ದಿತ್ತು. ಆಕೆ ಅದನ್ನು ಕೊನೆಯವರೆಗೆ ಓದಿದರು. ಕೂಗಾಡುತ್ತಾರೆ ಎಂದುಕೊಂಡು ಇನ್ಸ್‌ಪೆಕ್ಟರು ಮೈ ಬಿಗಿ ಹಿಡಿದು ಕೂತರು. ಆಕೆ ಕೂಗಲಿಲ್ಲ. ಬೀರುವಿನ ಹತ್ತಿರ ಹೋಗಿ ಬಾಗಿಲನ್ನು ಒಂದೇ ಬೆರಳಿನಿಂದ ದೂಡಿದರು. ಅದು ಹೋಗಿ ಮುಚ್ಚಿಕೊಂಡು, ಮತ್ತೆ ತಾನಾಗಿಯೇ ತೆರೆದುಕೊಂಡಿತು.

"ಮಳೆಗಾಲದಲ್ಲಿ ಈ ಬಾಗಿಲನ್ನ ಒದ್ದು ಹಾಕ್ತಿದ್ರಿ. ನೆನಪಿದೆಯಾ? ನೆಲಕ್ಕೆ ಕೂತು ಇಬ್ಬರೂ ಭುಜ ಕೊಟ್ಟು ತಳ್ಳಿದ್ವಿ. ಈಗ ನೋಡಿ, ನಿಲ್ಲೋದೇ ಇಲ್ಲ. ಈ ಬಾಗಿಲಿಂದಾನೂ ನಾನು ಸ್ವಲ್ಪ ಕದ್ದೆ ಅಂತ ಬರ್ಕೊಳ್ಳಿ."

ಹೇಳಿ ಒಳಗೆ ಹೋದರು. ಟೀ ಆರಿತು. ಇನ್ಸ್‌ಪೆಕ್ಟರು ಬಾಗಿಲನ್ನೇ ನೋಡುತ್ತಾ ಕೂತರು. ಆಮೇಲೆ ನೆಲಕ್ಕೆ ಕೂತು, ಹಗುರಾದ ಅರವತ್ತೊಂದು ಪುಸ್ತಕಗಳ ಹಿಂದಿನ ರಟ್ಟುಗಳನ್ನು ಒಂದೊಂದಾಗಿ ತೆರೆದರು. ತಮ್ಮದೇ ಅಕ್ಷರ, ತಮ್ಮದೇ ತಾರೀಖು. ಅರವತ್ತೊಂದೂ ಮಳೆಯ ತಿಂಗಳುಗಳಲ್ಲಿ ಕೊಂಡವು. ಸರಿಯಿದ್ದವು ಬೇಸಗೆಯವು. ಅಷ್ಟು ಸಲ ತೂಕ ನೋಡಿದವರು ತಾರೀಖನ್ನು ಒಮ್ಮೆಯೂ ನೋಡಿರಲಿಲ್ಲ.

ಆದರೂ ಅವರಿಗೆ ಸಾಕ್ಷಿ ಬೇಕಿತ್ತು. ಒಂದು ಪುಸ್ತಕವನ್ನು ತೂಗಿದರು, ಮುನ್ನೂರ ಹನ್ನೊಂದು. ಅದನ್ನು ಸ್ನಾನದ ಮನೆಯಲ್ಲಿ, ಒದ್ದೆ ಬಟ್ಟೆ ಹರವಿದ ಹಗ್ಗದ ಕೆಳಗೆ ಸ್ಟೂಲಿನ ಮೇಲಿಟ್ಟು ಎರಡು ದಿನ ಬಾಗಿಲು ಹಾಕಿದರು. ತೆಗೆದು ತೂಗಿದರೆ ಮುನ್ನೂರ ಹದಿನೆಂಟು. ಯಾರೂ ಒಂದು ಹಾಳೆ ಸೇರಿಸಿರಲಿಲ್ಲ. ಮಳೆಯಲ್ಲಿ, ನೆಲಮಾಳಿಗೆಯಿಂದ ನೇರ ಬಂದ ಹಸಿರು ಪುಸ್ತಕ ಎಷ್ಟು ನೀರು ಕುಡಿದಿತ್ತೋ, ಕಾದ ತಗಡಿನ ಕೆಳಗೆ ಅದನ್ನೆಲ್ಲ ಬಿಟ್ಟುಕೊಟ್ಟಿತ್ತು.

ನಲವತ್ತೇಳನೇ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ದಪ್ಪ ಚಿತ್ರದ ಹಾಳೆ ವರ್ಷಗಟ್ಟಲೆ ಎದುರಿಗಿದ್ದರೆ ಪುಟದ ಮೇಲೆ ಅದರ ಚೌಕಟ್ಟು ಹಳದಿಯಾಗಿ ಮೂಡಿರುತ್ತದೆ. ಈ ಮಾತನ್ನು ಅವರಿಗೆ ಕಲಿಸಿದವರೂ ಬೈಂಡರೇ. ಪುಟ ಉದ್ದಕ್ಕೂ ಒಂದೇ ಬಣ್ಣ. ಇರುವೆಗಳ ಚಿತ್ರ ಯಾವತ್ತೂ ಅಲ್ಲಿರಲಿಲ್ಲ. ಒಂಬತ್ತು ವರ್ಷದ ಹುಡುಗ ಪದ್ಯ ಓದಿ ಓದಿ ತಲೆಯೊಳಗೆ ಬರೆದುಕೊಂಡ ಚಿತ್ರಕ್ಕಾಗಿ ಅರವತ್ತೇಳರ ಮುದುಕ ಗೆಳೆಯನ ಡ್ರಾಯರು ಎಳೆದಿದ್ದ. ಅವರಿಗೆ ಆ ಹುಡುಗಿಯ ಕೈಯಲ್ಲಿದ್ದ ಸೂಜಿ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಸಾಬೂನಿನ ಹೆಂಗಸು ಬಂದು ನಿಂತಳು. ಅವಳ ಅಂಗಡಿ ಆ ವರ್ಷವೇ ಮುಚ್ಚಿತ್ತು. ಅವಳು ಆಮೇಲೆ ಏನಾದಳೆಂದು ಅವರು ಕೇಳಿರಲಿಲ್ಲ. ಅವಳ ಮುಖ ನೆನಪಿಸಿಕೊಳ್ಳಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ತಮ್ಮ ಮಾತು ಮತ್ತು ಜನರ ನಗು ಮಾತ್ರ ಕೇಳಿಸುತ್ತಿತ್ತು. ಅವರು ನಾಚಿದರು. ಈ ಸಲ ನಾಚಿದಂತೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿಯ ಮುಂದೆ ಪಟ್ಟಿಯನ್ನು ಹರಿದರು. "ಚೂರನ್ನ ಕಸದ ಬುಟ್ಟಿಗೆ ಹಾಕಿ" ಎಂದಷ್ಟೇ ಹೇಳಿದರು ಆಕೆ. ಹೊಲಿಗೆ ಬಿಚ್ಚಿದ ಇನ್ನೊಂದು ಪುಸ್ತಕವನ್ನು ಎತ್ತಿಕೊಂಡು, ತಕ್ಕಡಿಯನ್ನು ಮನೆಯಲ್ಲೇ ಬಿಟ್ಟು, ಇನ್ಸ್‌ಪೆಕ್ಟರು ಹಿಂಬದಿಯ ಬೀದಿಗೆ ಹೋದರು.

ಬೈಂಡರು ರಟ್ಟು ಕತ್ತರಿಸುತ್ತಿದ್ದರು. ಮಗಳು ಹೊಲಿಗೆಯ ಚೌಕಟ್ಟಿನಲ್ಲಿದ್ದಳು. ಇನ್ಸ್‌ಪೆಕ್ಟರು ನಿಂತೇ ಎಲ್ಲವನ್ನೂ ಹೇಳಿದರು. ಬೀರುವಿನ ಬಾಗಿಲು, ಮಳೆಗಾಲದ ತಾರೀಖುಗಳು, ಸ್ನಾನದ ಮನೆಯ ಏಳು ಗ್ರಾಂ, ಯಾವುದನ್ನೂ ಬಿಡಲಿಲ್ಲ. "ತಪ್ಪು ನನ್ನದು ಬೈಂಡ್ರೇ. ಮಗು, ನಿನ್ನ ಮುಂದೆಯೂ ಹೇಳ್ತಿದೀನಿ, ತಪ್ಪಾಯ್ತು" ಎಂದರು. ಜೀವನದಲ್ಲಿ ಮೊದಲ ಸಲ ಹೇಳಿದ ಮಾತು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ.

ಬೈಂಡರು ಕತ್ತಿಯನ್ನು ಪಕ್ಕಕ್ಕಿಟ್ಟರು. ಸಿಟ್ಟೇನೂ ಕಾಣಲಿಲ್ಲ.

"ಎರಡು ದಿನ ಸ್ನಾನದ ಮನೇಲಿಟ್ಟು ನೋಡಿದ್ರಿ, ಅಲ್ವಾ? ಸ್ನಾನದ ಮನೆ ಹೇಳಿದ ಮೇಲೆ ನಂಬಿದ್ರಿ. ಅದೇ ಮಾತು ನಾನು ಹೇಳಿದಾಗ ಸಾಲಲಿಲ್ಲ."

ಇನ್ಸ್‌ಪೆಕ್ಟರು ತಂದ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಬೈಂಡರು ಅದನ್ನು ಎತ್ತಿ, ಬೆನ್ನು ಸವರಿ, ಹೊಲಿಗೆ ನೋಡಿದರು. "ಮಾಡಿಕೊಡೋಣ" ಎಂದರು. ಇನ್ಸ್‌ಪೆಕ್ಟರು ತಾವು ಯಾವಾಗಲೂ ಕೂರುತ್ತಿದ್ದ ಸ್ಟೂಲಿನ ಕಡೆ ಕೈ ಚಾಚಿದರು.

ಅಷ್ಟರಲ್ಲಿ ಮಗಳು ಎದ್ದು ಬಂದು 'ಒಂದು ನಿಮಿಷ' ಎಂದು, ಮೂಲೆಯಿಂದ ಹೊಚ್ಚ ಹೊಸ ತಕ್ಕಡಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಜೊತೆಗೆ ಒಂದು ರಸೀದಿ ಪುಸ್ತಕ. ತಾರೀಖು, ತೂಕ, ಹವೆ, ಕೊಟ್ಟವರ ಸಹಿ, ಪಡೆದವರ ಸಹಿ ಎಂದು ಅಂದವಾಗಿ ಗೆರೆ ಎಳೆದು, ತಾನೇ ಹೊಲಿದು ಮಾಡಿದ್ದು.

"ತೂಕ ಬೇಡಮ್ಮ" ಎಂದರು ಇನ್ಸ್‌ಪೆಕ್ಟರು. "ನನಗೆ ಬೇಡ. ನಿಜವಾಗ್ಲೂ ಬೇಡ."

"ನಿಮಗೆ ಬೇಡದೆ ಇರಬಹುದು" ಎಂದರು ಬೈಂಡರು. "ನಮಗೆ ಬೇಕು."

ಅವಳು ತೂಗಿದಳು, ಬರೆದಳು, ಹವೆಯ ಕೆಳಗೆ 'ಒಣ' ಎಂದು ತುಂಬಿದಳು. ತಕ್ಕಡಿಯ ಅಂಕಿ ಅವರಿಗೆ ಸರಿಯಾಗಿ ಕಾಣುವಂತೆ ತಿರುಗಿಸಿ, "ನೋಡ್ಕೊಂಡು ಇಲ್ಲಿ ಸಹಿ ಮಾಡಿ ಸಾರ್" ಎಂದಳು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯೊಳಗೆ ಯಾರೂ ಅವರನ್ನು ಸಾರ್ ಎಂದಿರಲಿಲ್ಲ. ಅವರು ಅಂಕಿ ನೋಡದೆ ಸಹಿ ಮಾಡಿದರು. ಸ್ಟೂಲಿನ ಮೇಲೆ ರಟ್ಟಿನ ಕಟ್ಟು ಇಟ್ಟಿದ್ದರು, ಯಾರೂ ಅದನ್ನು ತೆಗೆಯಲಿಲ್ಲ.

"ಮುಂದಿನ ವಾರ ಬರ್ಲಾ?" ಎಂದು ಕೇಳಿದರು.

"ಆದಾಗ ಹೇಳಿ ಕಳಿಸ್ತೀವಿ" ಎಂದು ಬೈಂಡರು ಮತ್ತೆ ಕತ್ತಿ ಹಿಡಿದರು.

ಬೀದಿಗೆ ಬಂದು ಇನ್ಸ್‌ಪೆಕ್ಟರು ರಸೀದಿಯನ್ನು ಮಡಿಸಲು ಹೋಗಿ, ಅಭ್ಯಾಸದಂತೆ ಮೇಲಿಂದ ಕೆಳಗೆ ಒಮ್ಮೆ ಓದಿದರು. ಎಲ್ಲ ಸರಿಯಾಗಿತ್ತು. ಮೇಲ್ಗಡೆ ಮೂಲೆಯಲ್ಲಿ ರಸೀದಿಯ ನಂಬರಿತ್ತು: ಒಂದು. ಅಂಗಡಿಗೆ ದಿನಕ್ಕೆ ಹತ್ತು ಗಿರಾಕಿಗಳು ಬರುತ್ತಿದ್ದರು. ಆ ರಸೀದಿ ಪುಸ್ತಕವನ್ನು ಹೊಲಿದದ್ದು ಅವರೊಬ್ಬರಿಗಾಗಿ.